ದಾಕ್ಷಾಯಿಣಿಯ ಹೆಸರಿನ ಮುಂದಿನ ಖಾನೆ

ಮೇಲುಬಯಲು,
ಹದಿಮೂರನೆಯ ತಿಂಗಳು, ತಾರೀಖು ಎರಡು, 2214

ಹಿಂದಿನ ಕಾಲದಲ್ಲಿ ಕೂತು ಆಟದ ದಾಖಲೆ ಬರೆಯುತ್ತಿರುವವರಿಗೆ ಫಕೀರವ್ವ ಬರೆಯುವ ಕಾಗದ.

ತಾರೀಖು ನೋಡಿ ಮುದುಕಿಗೆ ತಲೆ ಕೆಟ್ಟಿದೆ ಅನ್ನಬೇಡಿ. ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದೆ ಹೋದ ಮೇಲೆ ನಮ್ಮವರು ಇನ್ನೊಂದು ತಿಂಗಳು ಸೇರಿಸಿಕೊಂಡರು. ನನ್ನ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ, ನಾನು ಓದಿದ್ದು ಊರ ಶಾಲೆಯ ನಾಲ್ಕನೇ ಇಯತ್ತೆಯವರೆಗೆ. ಈ ಕಾಗದ ಹಿಂದಂಚೆಯಲ್ಲಿ ಬರುತ್ತದೆ. ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಬದುಕಿಡೀ ಒಂದೇ ಹಾಳೆ. ಪಕ್ಕದ ಮನೆಯವಳು ತನ್ನ ಹಾಳೆಯಲ್ಲಿ ಮುತ್ತಜ್ಜಿಗೆ ಬರೆದು ಹೋಳಿಗೆಯ ಹದ ಕೇಳಿದಳು. ನಾನು ನನ್ನದನ್ನು ಜಗಳಕ್ಕೆ ಅಂತ ಇಟ್ಟುಕೊಂಡಿದ್ದೆ.

ನನ್ನ ಮೊಮ್ಮಗಳು ದಾಕ್ಷಾಯಿಣಿ ಈ ವರ್ಷ ಬಾಕ್ಸಿಂಗಿನಲ್ಲಿ ಲೋಕಕ್ಕೇ ಚಾಂಪಿಯನ್. ಅವಳ ತಾಯಿ ತೇಲುನಾಡಿನವಳು. ಕರಾವಳಿ ನೀರೊಳಗೆ ಹೋದಾಗ ಅಲ್ಲಿನ ಜನ ದೊಡ್ಡ ತೆಪ್ಪಗಳ ಮೇಲೆ ಕಟ್ಟಿಕೊಂಡ ದೇಶ ಅದು. ನಮ್ಮ ಮೇಲುಬಯಲು ಗಟ್ಟಿ ನೆಲದ ದೇಶ. ಹುಡುಗಿ ಹುಟ್ಟಿ ಆರು ವರ್ಷ ಅಲ್ಲಿ, ನನ್ನ ಬೀಗತಿ ಜಲಜಾಕ್ಷಿಯ ಹತ್ತಿರ ಬೆಳೆದಳು. ಆಮೇಲೆ ಹದಿನೈದು ವರ್ಷ ನನ್ನ ಹತ್ತಿರ. ಆರು ದೊಡ್ಡದೋ ಹದಿನೈದು ದೊಡ್ಡದೋ, ನಾಲ್ಕನೇ ಇಯತ್ತೆಯವಳಿಗೂ ತಿಳಿಯುತ್ತದೆ.

ಆ ಹದಿನೈದು ವರ್ಷ ಹೇಗಿತ್ತು ಕೇಳಿ. ಇಲ್ಲಿ ಹೊತ್ತೇರಿದ ಮೇಲೆ ಬಯಲಿಗೆ ಕಾಲಿಡಲಾಗುವುದಿಲ್ಲ. ಊರಿಗೆಲ್ಲ ಚಾವಣಿ ಹಾಕಿದ ನೆರಳುಬೀದಿಯಲ್ಲೇ ಓಡಾಟ. ಅಲ್ಲಿ ದಿನಾ ಅವಳನ್ನು ಓಡಿಸಿದ್ದು ನಾನು. ಮರಳಿನ ಚೀಲ ಹೊಲಿದು ತೂಗುಹಾಕಿ, ಅವಳು ಗುದ್ದುವಾಗ ಅಲುಗದಂತೆ ತಬ್ಬಿ ಹಿಡಿದು ನಿಂತದ್ದು ನಾನು. ಎರಡು ಹಲ್ಲು ಅದರಲ್ಲೇ ಹೋದವು. ಜಲಜಾಕ್ಷಿ ಮಾಡಿದ್ದೇನು? ಶುಕ್ರವಾರಕ್ಕೊಮ್ಮೆ ಮುತ್ತಿನ ಮೂಗುತಿ ಹಾಕಿಕೊಂಡು ನಮ್ಮ ಗೋಡೆಯ ಮೇಲಿನ ಮಾತಾಡುವ ತೆರೆಯಲ್ಲಿ ಬಂದು ಕೂರುವುದು. ಅವಳನ್ನು ನೋಡಿದೊಡನೆ ಹುಡುಗಿ ನಗುವ ಒಂದು ನಗು ಇದೆ. ನನಗೆ ಆ ನಗು ಇಷ್ಟು ವರ್ಷದಲ್ಲಿ ಒಮ್ಮೆಯೂ ಸಿಕ್ಕಿಲ್ಲ.

ಚಾಂಪಿಯನ್ ಆದವಳ ಹೆಸರಿನ ಮುಂದೆ ಯಾವ ದೇಶ ಬರೆಯಬೇಕೆಂದು ದಾಖಲೆಮನೆಯಲ್ಲಿ ತಕರಾರು ಎದ್ದಿತು. ಈಗ ಹುಟ್ಟಿದ ಊರು ಕೇಳಿ ಉಪಯೋಗವಿಲ್ಲ, ಅರ್ಧ ಊರುಗಳು ನೀರಲ್ಲಿವೆ. ಅದಕ್ಕೆ ಮೊದಲ ಪಟ್ಟಿಯ ಕಾಯ್ದೆ ಮಾಡಿದ್ದಾರೆ: ಗ್ಲೌಸಿನೊಳಗೆ ಸುತ್ತುವ ಬಟ್ಟೆಯ ಪಟ್ಟಿಯನ್ನು ಆಟಗಾರಳ ಕೈಗೆ ಮೊದಲು ಕಟ್ಟಿದವರು ಯಾರೋ, ಅವರ ದೇಶವೇ ಅವಳ ದೇಶ. ಕಟ್ಟಿದವರು ಅಧಿಕಾರಿಯ ಎದುರು ಕಟ್ಟಿ ತೋರಿಸಬೇಕು. ಪಟ್ಟಿಯ ತುದಿಗೆ ಹಾಕುವ ಗಂಟು ಒಂದೊಂದು ದೇಶದ್ದು ಒಂದೊಂದು ತರಹ, ಅದೇ ಸಾಕ್ಷಿ.

ದಾಕ್ಷಿಯನ್ನು ಕೇಳಿದರೆ, ಬರೆಯುವವರು ಏನಾದರೂ ಬರೆದುಕೊಳ್ಳಲಿ, ತನಗೆ ಎರಡೂ ಅಜ್ಜಿಯ ಊರೇ ಅಂದಳು. ಎರಡೂ ಅಂತೆ. ಆ ದಿನ ನನಗೆ ಊಟ ಸೇರಲಿಲ್ಲ.

ಅಧಿಕಾರಿ ಬಂದಳು, ಸಣ್ಣ ವಯಸ್ಸಿನ ಹೆಣ್ಣುಮಗಳು. ಅವಳ ಪ್ರಶ್ನೆ ಮುಗಿಯುವ ಮೊದಲೇ, ಮೊದಲು ಕಟ್ಟಿದ್ದು ನಾನೇ ಅಂದೆ. ದಾಕ್ಷಿ ನನ್ನ ಮುಖ ನೋಡಿದಳು, ಬಲಗೈ ಚಾಚಿದಳು. ತೇಲುನಾಡಿನವರಿಗೆ ನೆಟ್ಟಗೆ ನಿಲ್ಲಲು ನೆಲವಿಲ್ಲ, ಅವರು ಬಾಕ್ಸಿಂಗ್ ಏನು ಕಲಿಸಿಯಾರು ಅಂತ ಎದುರಿಗಿಲ್ಲದ ಜಲಜಾಕ್ಷಿಯನ್ನು ಹಂಗಿಸುತ್ತಲೇ ಸುತ್ತಿದೆ, ತುದಿ ಎಳೆದು ಬಿಗಿದೆ. ಅಧಿಕಾರಿ ಬಗ್ಗಿ ನೋಡಿದಳು.

"ಅಜ್ಜೀ, ಇದು ತೇಲುನಾಡಿನ ಗಂಟು."

ಹೌದು. ನನ್ನ ಕೈ ನನ್ನ ಮಾತು ಕೇಳಲಿಲ್ಲ. ನಿಮಗೆ ಮುಚ್ಚಿಟ್ಟು ಏನಾಗಬೇಕು? ಆರು ವರ್ಷದ ಹುಡುಗಿ ನಮ್ಮ ಮನೆಯ ಹೊಸ್ತಿಲು ದಾಟಿದ್ದೇ ಎರಡೂ ಕೈಗೆ ಪಟ್ಟಿ ಸುತ್ತಿಕೊಂಡು. ನಾನು ಅದನ್ನು ಬಿಚ್ಚಿ ಒಲೆಗೆ ಹಾಕಿದೆ. ನನ್ನ ಸೀರೆಯ ಅಂಚು ಹರಿದು ಸುತ್ತಿ, ಚೀಲದ ಬಾಯಿ ಕಟ್ಟುವ ನಮ್ಮ ಗಂಟು ಹಾಕಿದೆ. ಹತ್ತು ವರ್ಷದವಳಾಗಿ ಮೊದಲ ಪಂದ್ಯಕ್ಕೆ ಇಳಿದಾಗ ಎರಡನೇ ಸುತ್ತಿಗೇ ಅದು ಸಡಿಲಾಗಿ ಹೆಬ್ಬೆರಳು ಮುರಿಯಿತು. ಅಳುತ್ತಲೇ, ನೆಟ್ಟಗಿದ್ದ ಇನ್ನೊಂದು ಕೈಯಿಂದ ನನಗೆ ಕಲಿಸಿದಳು: "ಹೀಗಲ್ಲ ಅಜ್ಜಿ, ಆ ಅಜ್ಜಿ ಹೀಗೆ ಕಟ್ಟುತ್ತಿದ್ದಳು." ಅಂದಿನಿಂದ ಹನ್ನೊಂದು ವರ್ಷ ನಾನು ಕಟ್ಟಿದ್ದೆಲ್ಲ ಜಲಜಾಕ್ಷಿಯ ಗಂಟು.

ಅಧಿಕಾರಿ ತೇಲುನಾಡು ಅಂತ ಬರೆದುಕೊಂಡು ಹೋದಳು. ಜಲಜಾಕ್ಷಿ ಸಂತೋಷಕ್ಕೆ ಒಣಮೀನು ಕಳಿಸಿದ್ದಾಳೆ, ನಾವು ತಿನ್ನುವುದಿಲ್ಲ ಅಂತ ಗೊತ್ತಿದ್ದೂ. ದಾಕ್ಷಿ ಆ ದಿನ ಅಧಿಕಾರಿಯ ಎದುರು ಕಟ್ಟಿದ ಪಟ್ಟಿಯನ್ನು ಬಿಚ್ಚದೆ ಹಾಗೇ ಚೀಲ ಗುದ್ದಲು ಹೋದಳು. ನಾನು ಹಿಂದೆಯೇ ಹೋಗಿ ಚೀಲ ಹಿಡಿದೆ.

ಇನ್ನು ನನ್ನ ಕೋರಿಕೆ. ಹೆಸರಿನ ಮುಂದೆ ದೇಶಕ್ಕೆಂದು ಬೆರಳಗಲದ ಒಂದೇ ಖಾನೆ ಎಳೆದವರು ನೀವು. ಇಷ್ಟು ತಲೆಮಾರು ಕಳೆದರೂ ಅದನ್ನು ದೊಡ್ಡದು ಮಾಡುವ ಬುದ್ಧಿ ಯಾರಿಗೂ ಬಂದಿಲ್ಲ. ನೀವಿನ್ನೂ ಗೆರೆ ಎಳೆಯುವ ಕಾಲದಲ್ಲಿದ್ದೀರಿ. ಎರಡು ಹೆಸರು ಹಿಡಿಸುವಷ್ಟು ಅಗಲಕ್ಕೆ ಎಳೆಯಿರಿ. ಮೇಲೆ ನಮ್ಮದು, ಕೆಳಗೆ ಜಲಜಾಕ್ಷಿಯದು. ಅದು ಆಗದಿದ್ದರೆ ಅವಳದೇ ಮೇಲಿರಲಿ. ಆದರೆ ನಮ್ಮದೂ ಇರಲಿ.

ಹಾಳೆ ಮುಗಿಯಿತು. ನಾಳೆ ಪಂದ್ಯವಿದೆ, ಪಟ್ಟಿ ಒಗೆದು ಒಣಗಹಾಕಬೇಕು. ಗಂಟು ಅವಳದೇ ಹಾಕುತ್ತೇನೆ, ಹುಡುಗಿಯ ಕೈ ಉಳಿಯಬೇಕಲ್ಲ.

ದಾಕ್ಷಾಯಿಣಿಯ ಹದಿನೈದು ವರ್ಷದ ಅಜ್ಜಿ,
ಫಕೀರವ್ವ