ಹನ್ನೊಂದನೇ ನಂಬರಿನ ಕೈ

ಇಸ್ತ್ರಿ ಅಂಗಡಿಯಿಂದ
ತಾರೀಖು ಹದಿನಾಲ್ಕು, ಮಂಗಳವಾರ, ಮಧ್ಯಾಹ್ನ

ಮುದ್ದು ಮಗಳೇ,

ಹೇಗಿದ್ದೀಯ ಕಂದ? ಹೊತ್ತಿಗೆ ಸರಿಯಾಗಿ ಊಟ ಮಾಡ್ತೀಯಾ, ಇಲ್ಲ ಪುಸ್ತಕಾನೇ ಮೇಯ್ತೀಯಾ? ಕಣ್ಣುರಿ ಕಮ್ಮಿ ಆಯ್ತಾ? ನಿಮ್ಮಮ್ಮ ಚೆನ್ನಾಗಿದ್ದಾಳೆ, ಅಂದ್ರೆ ಬೈತಿದ್ದಾಳೆ. ಫೋನಲ್ಲೇ ಹೇಳೋಣ ಅಂತ ಮೂರು ಸಲ ಮಾಡಿದೆ, ಮೂರು ಸಲಾನೂ ಏನೋ ತಮಾಷೆ ಮಾಡಿ ಇಟ್ಟುಬಿಟ್ಟೆ. ನನ್ನ ಬಾಯಿ ನಿನಗೆ ಗೊತ್ತಲ್ಲ, ಭಯ ಆದಷ್ಟೂ ನಗಿಸೋಕೆ ಹೋಗುತ್ತೆ. ಅದಕ್ಕೇ ಈ ಕಾಗದ. ಆರನೇ ಕ್ಲಾಸಿಗೇ ಸ್ಕೂಲಿಗೆ ಕೈ ಮುಗಿದೋನ ಬರವಣಿಗೆ, ಒತ್ತು ದೀರ್ಘ ಎಲ್ಲಾ ನೀನೇ ಹಾಕ್ಕೊಂಡು ಓದು.

ಹೋದ ತಿಂಗಳು ನಿನ್ನ ಲ್ಯಾಬಿಗೆ ಬಂದಿದ್ನಲ್ಲ, ಅವತ್ತಿನ ವಿಷಯ. ಬಿಸಿ, ತಣ್ಣಗೆ ಅನ್ನೋದು ಚರ್ಮದಿಂದ ಮಿದುಳಿಗೆ ಹೇಗೆ ಹೋಗುತ್ತೆ ಅಂತ ನಿನ್ನ ಎಂ.ಎಸ್ಸಿಗೆ ಬರೀಬೇಕು, ಆರೋಗ್ಯವಾಗಿರೋ ಇಪ್ಪತ್ತು ಜನ ಬೇಕು, ಒಬ್ಬರು ಕೈ ಕೊಟ್ರು ಅಂದೆ. ಸರಿ, ನಾನು ಕೈ ಕೊಡ್ತೀನಿ ಅಂತ ಬಂದೆ. ಹೆಸರು ಬರೆಯೋ ಹಾಗಿಲ್ಲ ಅಂತ ನೀನು ನನ್ನನ್ನ ಹನ್ನೊಂದನೇ ನಂಬರ್ ಮಾಡಿದೆ. ಕಣ್ಣಿಗೆ ಬಟ್ಟೆ ಕಟ್ಟಿ, ಬೆರಳ ತುದಿಗೆ ಲೋಹದ ಬಿಲ್ಲೆ ಒತ್ತಿ, ಬಿಸಿನಾ ತಣ್ಣಗಾ ಅಂತ ನಲವತ್ತು ಸಲ ಕೇಳಿದೆ. ನಲವತ್ತಕ್ಕೆ ನಲವತ್ತೂ ಸರಿ. ನಿನ್ನ ಮೇಡಂ ಕಾಗದ ನೋಡಿ, ನಿಮ್ಮಪ್ಪನ ಕೈ ಇಪ್ಪತ್ತರ ಹುಡುಗನ ಕೈ ಅಂದ್ರು. ನಿನ್ನ ಮುಖ ಆಗ ಎಷ್ಟು ಅರಳಿತ್ತು ಅಂದ್ರೆ ನನ್ನ ಬಾಯಿಗೆ ಬೀಗ ಬಿತ್ತು. ಮಗಳೇ, ನಿಮ್ಮಿಬ್ಬರ ಕಿವಿ ಮೇಲೂ ಹೂ ಇಟ್ಟೆ. ನನ್ನ ಬೆರಳಿಗೆ ಬಿಸೀನೂ ತಿಳೀಲಿಲ್ಲ, ತಣ್ಣಗಿರೋದೂ ತಿಳೀಲಿಲ್ಲ. ಬಿಲ್ಲೆ ಮುಟ್ಟಿದ್ದು ತಿಳೀತು, ಅಷ್ಟೇ. ಆದ್ರೆ ನಿನ್ನ ಮಷೀನು ಬಿಸಿಯಾಗೋ ಮುಂಚೆ ಒಂದು ಸಲ ಟಕ್ ಅನ್ನುತ್ತೆ, ತಣ್ಣಗಾಗೋ ಮುಂಚೆ ಎರಡು ಸಲ. ಶುರೂಲಿ ನೀನು ಇದು ಬಿಸಿ, ಇದು ತಣ್ಣಗೆ ಅಂತ ತೋರಿಸಿಕೊಟ್ಟೆಯಲ್ಲ, ಆಗಲೇ ಹಿಡ್ಕೊಂಡೆ. ಓದಿದೋರಿಗೆ ಅದು ಕೇಳ್ಸಲ್ಲ, ನನಗೆ ಕೇಳ್ಸುತ್ತೆ. ಯಾಕಂದ್ರೆ ಒಂದು ವರ್ಷದಿಂದ ನನ್ನ ಹೊಟ್ಟೆಪಾಡು ಕಿವೀಲೇ ನಡೀತಿದೆ. ಇಪ್ಪತ್ತೆಂಟು ವರ್ಷ ಒದ್ದೆ ಬೆರಳು ತಾಗಿಸಿ ಇಸ್ತ್ರಿ ಪೆಟ್ಟಿಗೆ ಎಷ್ಟು ಕಾದಿದೆ ಅಂತ ಹೇಳ್ತಿದ್ದೋನು, ಈಗ ಚುಯ್ ಅನ್ನೋ ಸದ್ದು ಕೇಳ್ಕೊಂಡು ರೇಷ್ಮೆಗೆ ಇಷ್ಟು, ಹತ್ತಿಗೆ ಇಷ್ಟು ಅಂತ ಅಂದಾಜು ಮಾಡ್ತೀನಿ.

ಇಲ್ಲಿವರೆಗೂ ನಗ್ತಾ ಬರೆದೆ, ಇನ್ನು ಆಗಲ್ಲ. ಮೊನ್ನೆ ಶುಕ್ರವಾರ ಸುಟ್ಟ ವಾಸನೆ ಬಂತು. ಯಾರ ಅಂಗಿ ಹಾಳು ಮಾಡಿದ್ನಪ್ಪಾ ಅಂತ ಗಾಬರಿಯಿಂದ ಬಟ್ಟೆಯೆಲ್ಲಾ ತಿರುವಿ ನೋಡಿದೆ. ಅಂಗಿಗೆ ಏನೂ ಆಗಿರಲಿಲ್ಲ. ಬೆಂದಿದ್ದು ನನ್ನ ಎಡಗೈ ಕಿರುಬೆರಳು, ಪೆಟ್ಟಿಗೆಗೆ ಒರಗಿಕೊಂಡೇ ಇತ್ತು. ನಿಮ್ಮಮ್ಮನಿಗೆ ಕಾಲು ಜಾರಿ ಕೈ ಊರಿದೆ ಅಂತ ಸುಳ್ಳು ಹೇಳಿದ್ದೀನಿ. ಲ್ಯಾಬಿಂದ ಬಸ್ಸಲ್ಲಿ ಬರುವಾಗ ನೀನು ಹೇಳ್ತಿದ್ದೆ, ಮುಟ್ಟಿದ್ದನ್ನ ಹೇಳೋ ನರ ದಪ್ಪ, ಬಿಸಿ ನೋವು ಹೇಳೋದು ಕೂದಲಿಗಿಂತ ಸಣ್ಣ, ಕೆಲವು ಕಾಯಿಲೇಲಿ ಸಣ್ಣವೇ ಮೊದಲು ಸಾಯ್ತವೆ, ಕೆಲವು ಕಾಯಿಲೆ ತಂದೆಯಿಂದ ಮಕ್ಕಳಿಗೆ ಇಳಿಯುತ್ತೆ ಅಂತ. ನಾನು ಕಿಟಕಿ ಕಡೆ ತಿರುಗಿ ನಿದ್ದೆ ಬಂದೋನ ಥರ ಕೂತೆ. ನಿನ್ನ ತಾತ ಬೇಕರೀಲಿ ಉರಿಯೋ ಒಲೆಯಿಂದ ಬರಿಗೈಲಿ ತಟ್ಟೆ ಎಳೀತಿದ್ರು. ಉಕ್ಕಿನ ಕೈ ಅಂತ ಬೀದಿಯೋರೆಲ್ಲ ಹೊಗಳೋರು, ನಾವು ಮಕ್ಕಳು ಎದೆ ಉಬ್ಬಿಸಿಕೊಂಡು ತಿರುಗ್ತಿದ್ವಿ. ಆಮೇಲೆ ಅವರಿಗೆ ಅಂಗಿ ಗುಂಡಿ ಹಾಕೋಕೆ ಆಗ್ಲಿಲ್ಲ. ಆಮೇಲೆ ಕಾಲಿಗೆ ನೆಲ ಸಿಗ್ಲಿಲ್ಲ. ಐವತ್ತಾರಕ್ಕೆ ಹಾಸಿಗೆ ಹಿಡಿದ್ರು. ನಾನೀಗ ಐವತ್ತು. ದಿನಾ ಬೆಳಿಗ್ಗೆ ಗುಂಡಿ ಒಂದೊಂದೇ ಎಣಿಸಿ ಹಾಕ್ಕೋತೀನಿ.

ಹನ್ನೊಂದನೇ ನಂಬರ್ ಹೊಡೆದುಹಾಕು ಕಂದ. ಆರೋಗ್ಯವಂತರ ಕೈ ಅಂದ್ರೆ ಹೀಗಿರುತ್ತೆ ಅಂತ ನನ್ನ ಕೈ ತೋರಿಸಿ ಬರೆದ್ರೆ ನಿನ್ನ ವಿದ್ಯೆಗೆ ನಾನೇ ಮಸಿ ಬಳಿದ ಹಾಗೆ. ಮೇಡಂ ಬೈದ್ರೆ, ಅಪ್ಪ ಕಳ್ಳ ಅನ್ನು, ನಿಜಾನೇ ತಾನೆ. ಯಾವ ಡಾಕ್ಟರ ಹತ್ರ ಹೋಗಬೇಕು ಹೇಳು, ಹೋಗ್ತೀನಿ. ಸೂಜಿ ಚುಚ್ಚಿದ್ರೂ ನನಗೇನು ನೋವು, ಅದೊಂದು ಲಾಭ.

ನೂರು ವರ್ಷ ಚೆನ್ನಾಗಿ ಬಾಳು, ನಿನ್ನ ಓದು ನಿನ್ನ ಕೈ ಹಿಡೀಲಿ. ಮೇಡಂಗೆ ನನ್ನ ನಮಸ್ಕಾರ, ಕ್ಷಮೆ, ಎರಡೂ ತಿಳಿಸು.

ಇಂತಿ,
ನಿನ್ನ ಮಾತುಗಾರ ಅಪ್ಪ

ತಾ.ಕ.: ಅಂಚೆಯೋನು ಡಬ್ಬ ತೆಗೆಯೋ ಹೊತ್ತಾಯ್ತು, ಗೀಚ್ತಿದ್ದೀನಿ. ಆಚೆ ವಾರ ಭಾನುವಾರ ಮನೆಗೆ ಬಂದಾಗ ಉಕ್ಕೋ ಹಾಲಿನ ಪಾತ್ರೇನ ನೀನು ಬಟ್ಟೆ ಹಿಡೀದೆ ಬರಿಗೈಲಿ ಇಳಿಸಿದೆ. ಇಳಿಸಿ, ಮಾತಾಡ್ತಾನೇ ಇದ್ದೆ. ನಿಮ್ಮಮ್ಮ ಅದೇ ಪಾತ್ರೆ ಮುಟ್ಟಿ ಕೈ ಕೊಡವಿದಳು. ನಾನು ಏನೋ ಹೇಳಿ ನಗಿಸಿಬಿಟ್ಟೆ. ಅವತ್ತಿಂದ ನಿದ್ದೆ ಇಲ್ಲ. ನನ್ನ ಡಾಕ್ಟರು ಆಮೇಲೆ ಆಗ್ಲಿ, ಮೊದಲು ಮೇಡಂ ಮುಂದೆ ಕೂತು ನಿನ್ನ ಕೈ ತೋರಿಸು. ಏನು ಬಂತೋ ಹಾಗೇ ಬರಿ. ಅಪ್ಪ ಹೆದರ್ತಾನೆ ಅಂತ ಸುಳ್ಳು ಬರೀಬೇಡ.