ರೆಗಿನಾ ಅಜ್ಜಿಯ ಕೈ

ಸೆಗೆಡ್,
ಮಾರ್ಚ್ 24, 2019

ಪ್ರೀತಿಯ ಮಿಕ್ಷಾ,

ನೀನೂ ರಿವ್ಕಾಳೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಐದು ವಾರವಾಯಿತು. ಎಷ್ಟು ಬೇಕಾದರೂ ಬೈಯಿ, ಬೈಸಿಕೊಳ್ಳುತ್ತೇನೆ. ನೀನು ಫೋನು ಮಾಡಿದಾಗಲೆಲ್ಲ ಹೊಲಿಗೆ ಜಾಸ್ತಿ ಎಂದು ಜಾರಿಕೊಂಡೆ. ಅದು ಪೂರ್ತಿ ಸುಳ್ಳಲ್ಲ, ನಾಟಕಮಂದಿರದಲ್ಲಿ ನಲವತ್ತು ಸೈನಿಕರ ಕೋಟುಗಳಿಗೆ ಗುಂಡಿ ಹಾಕುವುದಿತ್ತು. ಆದರೆ ಗುಂಡಿ ಹಾಕುತ್ತಲೇ ಊರ ಸುದ್ದಿಯನ್ನೆಲ್ಲ ಒದರುವವಳು ನಾನು ಅನ್ನುವುದು ನಿನಗೆ ಗೊತ್ತಿಲ್ಲವೇ? ಈ ವಿಷಯ ಬಾಯಲ್ಲಿ ಹೇಳಲಿಕ್ಕೆ ಬರಲಿಲ್ಲ. ಅದಕ್ಕೇ ಈ ಕಾಗದ.

ಹೆಣ್ಣು ಹುಟ್ಟಿದರೆ ಅರಂಕಾ ಎಂದು ಹೆಸರಿಡಬಹುದೇ, ಅಜ್ಜಿಯನ್ನು ಕೇಳಿ ಬರೆ ಎಂದಿದ್ದೆ. ಜೊತೆಗೆ ಅರಂಕಾಳ ಬಗ್ಗೆ ಗೊತ್ತಿದ್ದನ್ನೆಲ್ಲ ತಿಳಿಸು ಎಂದೂ ಕೇಳಿದ್ದೆ. ನಮಗೆ ಗೊತ್ತಿದ್ದದ್ದಾದರೂ ಎಷ್ಟು? ಅಜ್ಜಿಯ ಅಕ್ಕ. ಊಟದ ಮನೆಯ ಗೋಡೆಯ ಫೋಟೋದಲ್ಲಿ ಜಡೆ ಹಾಕಿಕೊಂಡು ನಿಂತ ಹುಡುಗಿ. ಊರಿನ ಯಹೂದಿಗಳನ್ನೆಲ್ಲ ಇಲ್ಲಿನ ಇಟ್ಟಿಗೆ ಕಾರ್ಖಾನೆಯಲ್ಲಿ ಕೂಡಿಹಾಕಿದ್ದಾಗ, ರೈಲು ಬರುವ ಮೊದಲೇ ಜ್ವರ ಬಂದು ಸತ್ತಳು. ಹದಿನಾರು ವರ್ಷ. ಇಷ್ಟೇ ತಾನೇ?

ಅಜ್ಜಿಗೆ ಈಗ ಎಂಬತ್ತೇಳು. ನಾಲಿಗೆಗೆ ಮಾತ್ರ ವಯಸ್ಸಾಗಿಲ್ಲ. ಕಳೆದ ಶನಿವಾರ ನಾನು ಮಾಡಿದ ಬೀನ್ಸ್ ಕಾಳಿನ ಗೊಜ್ಜು, ಶೋಲೆತ್, ತಿಂದು, "ನೀನು ಉಪ್ಪು ಹಾಕೋದು ಕಲಿಯೋ ಹೊತ್ತಿಗೆ ನಾನು ಮಣ್ಣು ಸೇರಿರ್ತೀನಿ," ಎಂದಳು. ಎರಡು ಸಲ ಬಡಿಸಿಕೊಂಡಳು. ಜನವರಿಯಲ್ಲಿ ತಿಸಾ ನದಿಯ ದಂಡೆಯ ಮೇಲೆ ಹಿಮಗಡ್ಡೆಯಲ್ಲಿ ಜಾರುವುದರಲ್ಲಿದ್ದಳು. ಆಗಲೂ ನನ್ನ ಕೈ ಹಿಡಿಯಲಿಲ್ಲ. ನಿನಗೆ ನೆನಪಿರಬಹುದು, ನಾವು ಚಿಕ್ಕವರಿದ್ದಾಗ ರಸ್ತೆ ದಾಟುವಾಗಲೂ ಅಷ್ಟೇ, ನಮ್ಮ ಅಂಗಿಯ ತೋಳನ್ನು ಬೆರಳುಗಳಲ್ಲಿ ಹಿಡಿದು ಎಳೆದುಕೊಂಡು ಹೋಗುತ್ತಿದ್ದಳು. ನನ್ನ ಎಲ್ಲ ಕೋಟುಗಳ ಎಡ ತೋಳೂ ಜೋತುಬಿದ್ದಿದೆ. ದರ್ಜಿಯ ಕೋಟಿಗೇ ಈ ಗತಿ ಎಂದು ನಾಟಕದವರು ನಗುತ್ತಾರೆ.

ಈಗ ಶಾಲೆಯ ವಿಷಯ.

ನೀನು ಹೈಫಾಕ್ಕೆ ಹೋದ ಮೇಲೆ ಶಾಲೆಗಳಲ್ಲಿ ಅಜ್ಜಿಯ ಕಥೆ ಹೇಳುವ ಕೆಲಸ ನನ್ನೊಬ್ಬಳ ಪಾಲಿಗೆ ಬಂತು. ಹನ್ನೊಂದು ವರ್ಷದಿಂದ ಹೇಳುತ್ತಿದ್ದೇನೆ. ಜೂನ್ 1944. ಹನ್ನೆರಡು ವರ್ಷದ ಪಿರೊಷ್ಕಾ ತನ್ನ ಕುರುಡು ಅಜ್ಜಿ ರೆಗಿನಾಳ ಕೈ ಹಿಡಿದುಕೊಂಡು ಮೊದಲ ರೈಲು ಹತ್ತಿದಳು. ಅವಳ ಅಮ್ಮನ ಹೆಸರು ಆಸ್ಟ್ರಿಯಾಕ್ಕೆ ಹೋಗುವ ಇನ್ನೊಂದು ರೈಲಿಗೆ ಬಂತು. ಆಶ್‌ವಿಟ್ಜ್‌ನಲ್ಲಿ ಇಳಿದಾಗ ಪಟ್ಟೆಬಟ್ಟೆಯ ಕೈದಿಯೊಬ್ಬ ಪಕ್ಕದಲ್ಲಿ ಹಾದುಹೋಗುತ್ತಾ, "ಹದಿನಾರು ಅನ್ನು, ಮುದುಕಿ ಕೈ ಬಿಡು," ಎಂದ. ಅವಳು ಬಿಟ್ಟಳು. ರೆಗಿನಾ ಅಜ್ಜಿ ಎಡಕ್ಕೆ, ಮುದುಕರನ್ನೂ ಮಕ್ಕಳನ್ನೂ ಕೊಲ್ಲಲು ಒಯ್ಯುವ ಸಾಲಿಗೆ, ಇವಳು ಬಲಕ್ಕೆ, ಕೂಲಿಯವರ ಸಾಲಿಗೆ. ಕೈ ಬಿಟ್ಟಿದ್ದಕ್ಕೇ ಬದುಕಿದೆ ಎಂದು ಅಜ್ಜಿ ಹೇಳುತ್ತಿದ್ದಳು, ಅದೇ ಮಾತಿನಿಂದ ನಾನೂ ಮುಗಿಸುತ್ತಿದ್ದೆ. ಆಗ ತರಗತಿಯಲ್ಲಿ ಯಾರೂ ಕೆಮ್ಮುತ್ತಲೂ ಇರಲಿಲ್ಲ. ಆ ಮೌನ ನನಗೆ ಹೆಮ್ಮೆ ತರುತ್ತಿತ್ತು, ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಫೆಬ್ರವರಿಯಲ್ಲಿ ನದಿಯಾಚೆಯ ಒಂದು ಶಾಲೆಗೆ ಹೋಗಿದ್ದೆ. ಕಥೆ ಮುಗಿದ ಮೇಲೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. ಕಿಂಗಾ ಎಂದು ಹೆಸರು. ತರಗತಿಗೆ ಮೊದಲನೆಯವಳಂತೆ, ನಡತೆ ಬೆಣ್ಣೆಯಷ್ಟು ನಯ.

"ಮೇಡಂ, ತಪ್ಪು ತಿಳ್ಕೋಬೇಡಿ. ನಿಮ್ಮಜ್ಜಿ ಹುಟ್ಟಿದ್ದು ಮೂವತ್ತೆರಡರಲ್ಲಿ ಅಲ್ವಾ?"

ಹೌದೆಂದೆ. ಅವಳು ಒಂದು ಹಾಳೆ ತಂದು ನನ್ನ ಮುಂದಿಟ್ಟಳು. ವಿಯೆನ್ನಾ ಹತ್ತಿರದ ಒಂದು ಇಟ್ಟಿಗೆ ಕಾರ್ಖಾನೆಗೆ ಕೂಲಿಗೆ ಹಾಕಿದ್ದವರ ಪಟ್ಟಿ, ಜುಲೈ 1944. ಅಜ್ಜಿಯ ಅಮ್ಮನ ಹೆಸರು, ಅದರ ಕೆಳಗೆ ಮಗಳು ಪಿರೊಷ್ಕಾ, 1932.

"ಒಬ್ಳೇ ಹುಡುಗಿ ಒಂದೇ ಹೊತ್ತಲ್ಲಿ ಎರಡು ದೇಶದಲ್ಲಿ ಹೇಗಿರ್ತಾಳೆ ಮೇಡಂ?"

ಯುದ್ಧಕಾಲದ ಪಟ್ಟಿ, ತಪ್ಪಿರುತ್ತದೆ ಎಂದೆ.

"ಕೈ ಮೇಲೆ ನಂಬರೂ ಇಲ್ಲ ಅಂತ ನೀವೇ ಹೇಳಿದ್ರಿ."

ಆ ಬೇಸಿಗೆಯಲ್ಲಿ ಹೋದ ನಮ್ಮ ದೇಶದವರಲ್ಲಿ ಎಷ್ಟೋ ಮಂದಿಗೆ ಕೈದಿ ಸಂಖ್ಯೆಯ ಹಚ್ಚೆ ಹಾಕಲಿಲ್ಲ ಎಂದು ವಿವರಿಸಲು ಹೊರಟೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ, "ಎಲ್ಲದಕ್ಕೂ ಒಂದು ನೆಪ ರೆಡಿ ಇಟ್ಟಿರ್ತಾರೆ ಇವರು," ಎಂದಿತು ಒಂದು ದನಿ. ತರಗತಿ ನಕ್ಕಿತು. ಅಧ್ಯಾಪಕರು ಕಿಟಕಿಯ ಹೊರಗೆ ಏನೋ ನೋಡುತ್ತಿದ್ದರು. ಯಾರೋ ಎಲ್ಲವನ್ನೂ ಫೋನಿನಲ್ಲಿ ಹಿಡಿದುಕೊಂಡಿದ್ದರು.

ಕಿಂಗಾಳ ಚಿಕ್ಕಪ್ಪ ಇಂಥದ್ದನ್ನೇ ಹುಡುಕಿ ಹುಡುಕಿ ಅಂತರ್ಜಾಲದಲ್ಲಿ ಹಾಕುವವನಂತೆ. ಮೂರು ದಿನದಲ್ಲಿ ಆ ವೀಡಿಯೊವನ್ನು ಒಂದು ಲಕ್ಷ ಜನ ನೋಡಿದರು. ಕೆಳಗೆ ಬರೆದದ್ದನ್ನು ಇಲ್ಲಿ ಬರೆಯಲಾರೆ, ಒಂದನ್ನು ಬಿಟ್ಟು: ಒಬ್ಬಳದು ಸುಳ್ಳೆಂದ ಮೇಲೆ ಮಿಕ್ಕವರದ್ದು ನಿಜವೆಂದು ಹೇಗೆ ನಂಬುವುದು? ಇದನ್ನು ಬರೆದವನು ಬೈದಿರಲಿಲ್ಲ, ಸುಮ್ಮನೆ ಕೇಳಿದ್ದ. ನನ್ನ ನಿದ್ದೆ ಕೆಡಿಸಿದ್ದು ಅವನೇ. ಒಂದು ಎಳೆ ಸಿಕ್ಕರೆ ಸಾಕು, ಇಡೀ ಬಟ್ಟೆಯನ್ನೇ ಬಿಚ್ಚಬಹುದು ಅನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಆಮೇಲೆ ನಮ್ಮ ಬಾಗಿಲ ಹೆಸರಿನ ಫಲಕಕ್ಕೆ ಎರಡು ಸಲ ಕಪ್ಪು ಬಣ್ಣ ಬಳಿದರು. ಕೆಳಮನೆಯ ಶಾರಿ ಅತ್ತೆ ನಿನಗೆ ಗೊತ್ತಲ್ಲ, ನಮ್ಮನ್ನು ಎತ್ತಿ ಆಡಿಸಿದವಳು. ಅವಳು ಬಕೆಟ್ಟು ಹಿಡಿದುಕೊಂಡು, "ಆ ಫಲಕ ತೆಗೆದುಬಿಡಬಾರ್ದೇನಮ್ಮಾ? ಮೆಟ್ಟಿಲು ತೊಳೆಯೋಳು ನಾನು ತಾನೇ," ಎಂದಳು. ಅವಳಿಗೆ ನಮ್ಮ ಮೇಲೆ ದ್ವೇಷವಿಲ್ಲ, ಸೊಂಟನೋವಿದೆ. ಫಲಕ ತೆಗೆದೆ.

ಅದೇ ಸಿಟ್ಟಿನಲ್ಲಿ ಆ ಹಾಳೆ ಹಿಡಿದುಕೊಂಡು ಅಜ್ಜಿಯ ಹತ್ತಿರ ಹೋದೆ. ಇದು ಸುಳ್ಳೆಂದು ಅವಳ ಬಾಯಿಂದ ಹೇಳಿಸಿ, ಅದನ್ನು ನಾನೂ ಎಲ್ಲರಿಗೂ ತೋರಿಸುವುದು ನನ್ನ ಯೋಚನೆಯಾಗಿತ್ತು. ಅಜ್ಜಿ ಕನ್ನಡಕ ಹಾಕಿಕೊಂಡು ಓದಿದಳು. ತುಂಬ ಹೊತ್ತು ಓದಿದಳು.

"ಅಮ್ಮನ ಹೆಸರು ಸರಿಯಾಗಿ ಬರ್ದಿದ್ದಾರೆ," ಎಂದಳು.

ಹಾಳೆಯನ್ನು ಅವಳ ಕೈಯಿಂದ ಕಿತ್ತುಕೊಂಡೆ ಮಿಕ್ಷಾ.

"ನೀನು ಅಲ್ಲಿದ್ದೆಯಾ ಹಾಗಾದ್ರೆ? ವಿಯೆನ್ನಾ ಹತ್ರ, ಆ ಇಟ್ಟಿಗೆ ಕಾರ್ಖಾನೆಲಿ?"

"ಇದ್ದೆ. ಅಮ್ಮನ ಜೊತೆ. ಹಸಿವಾಗ್ತಿತ್ತು, ಚಳಿಯಾಗ್ತಿತ್ತು, ಅಷ್ಟೆ. ಮೊದಲ ರೈಲಲ್ಲಿ ಹೋದೋಳು ಅರಂಕಾ."

ಜ್ವರ ಬರಲೇ ಇಲ್ಲವಂತೆ. ಹದಿನಾರು ಎಂದು ಸುಳ್ಳು ಹೇಳಬೇಕಾದ ಹುಡುಗಿಯೂ ಅಲ್ಲಿರಲಿಲ್ಲ. ಅರಂಕಾಗೆ ನಿಜವಾಗಿ ಹದಿನಾರೇ ಆಗಿತ್ತು.

ನಾನು ಕೂಗಾಡಿದೆ. ಮುದುಕಿಯೆಂದೂ ನೋಡದೆ ಕೂಗಾಡಿದೆ. "ಹನ್ನೊಂದು ವರ್ಷ ನನ್ನನ್ನ ಮಕ್ಕಳ ಮುಂದೆ ನಿಲ್ಲಿಸಿ ಸುಳ್ಳು ಹೇಳಿಸ್ದೆಯಲ್ಲ, ಯಾಕೆ?" ಎಂದೆ.

"ನಡೆದಿದ್ದು ಸುಳ್ಳಲ್ಲ ಕಣೇ. ರೆಗಿನಾ ಅಜ್ಜಿ ಸುಳ್ಳಲ್ಲ, ಆ ರೈಲು ಸುಳ್ಳಲ್ಲ," ಎಂದಳು. "ನಾನು ಹೋಗಿರ್ಲಿಲ್ಲ, ಅದೊಂದೇ."

ಅದೊಂದೇ ಸಾಕಲ್ಲವೇ ಅವರಿಗೆ?

ಸತ್ತ ಯಹೂದಿಗಳನ್ನು ನೆನೆಯುವ ಏಪ್ರಿಲ್ ಹದಿನಾರರ ಸ್ಮರಣೆಯ ದಿನಕ್ಕೆ ಎಲ್ಲ ಶಾಲೆಗಳೂ ಈ ವರ್ಷ ಬೇಡವೆಂದವು, ಒಂದನ್ನು ಬಿಟ್ಟು. ಅಲ್ಲಿನ ಚರಿತ್ರೆಯ ಮೇಷ್ಟ್ರು ಒಳ್ಳೆಯವರು. ಅವರಿಗೆ ಮಾತ್ರ ನಿಜ ಹೇಳಿದೆ. "ಹಾಗಿದ್ರೆ ಅದನ್ನೇ ಬಂದು ಹೇಳಿ. ಅರಂಕಾ ಕಥೆ ಹೇಳಿ," ಎಂದರು. ಎರಡು ದಿನ ನನಗೂ ಅದೇ ಸರಿಯೆನಿಸಿತು. ಅಜ್ಜಿಯನ್ನು ಕೇಳಿದರೆ, "ನಾನು ಸತ್ತ ಮೇಲೂ ಬೇಡ," ಎಂದಳು. ಅವಳು ಒಪ್ಪಿದ್ದರೂ ಏನು ಪ್ರಯೋಜನವಾಗುತ್ತಿತ್ತು? ನೋಡಿ, ತಾನೇ ಒಪ್ಪಿಕೊಂಡಳು ಎಂದು ಕಿಂಗಾಳ ಚಿಕ್ಕಪ್ಪ ಇನ್ನೊಂದು ಲಕ್ಷ ಜನಕ್ಕೆ ತೋರಿಸುತ್ತಿದ್ದ. ಸುಮ್ಮನಿದ್ದರೂ ಅವನು ಅದನ್ನೇ ಹೇಳುತ್ತಾನೆ. ಬರಲಾರೆ ಎಂದು ಮೇಷ್ಟ್ರಿಗೆ ನಿನ್ನೆ ಬರೆದು ಹಾಕಿದೆ. ಇನ್ನು ಯಾವ ಶಾಲೆಗೂ ಹೋಗುವುದಿಲ್ಲ. ನೀನು ಅಲ್ಲಿಂದ ಧೈರ್ಯ ಹೇಳಬೇಡ. ಧೈರ್ಯ ಇದೆ ನನಗೆ, ಹೇಳಲು ಮಾತು ಉಳಿದಿಲ್ಲ.

ರಿವ್ಕಾ ಭಾರ ಎತ್ತದಿರಲಿ. ಮಗುವಿಗೆ ಎರಡು ಅಂಗಿ ಹೊಲಿದಿದ್ದೇನೆ. ಹುಟ್ಟುವ ಮೊದಲು ಕಳಿಸಬಾರದೆಂದು ಅಜ್ಜಿಯ ಕಟ್ಟಪ್ಪಣೆ, ಬೀರುವಿನಲ್ಲಿಟ್ಟಿದ್ದೇನೆ. ಸುಖವಾಗಿ ಹೆರಿಗೆಯಾಗಲಿ, ನಿನ್ನ ಕೂಸು ನೂರಿಪ್ಪತ್ತು ವರ್ಷ ಬಾಳಲಿ. ಅದರ ಬಾಗಿಲಲ್ಲಿ ಅದರ ಹೆಸರು ಇರಲಿ.

ನಿನ್ನ ಅಕ್ಕ,
ನೊಯೆಮಿ

ಮರೆತ ಮಾತು: ಮರೆತದ್ದಲ್ಲ. ಬರೆಯಬಾರದೆಂದೇ ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ.

ನಿನ್ನ ಪ್ರಶ್ನೆಯನ್ನು ಇವತ್ತು ಬೆಳಿಗ್ಗೆ ಅಜ್ಜಿಗೆ ಓದಿ ಹೇಳಿದೆ. ಅರಂಕಾ ಎಂಬ ಹೆಸರು ಕೇಳಿದ್ದೇ ತಡ, ತಾನಾಗಿಯೇ ಮಾತು ಶುರುಮಾಡಿದಳು. ಇಲ್ಲಿನ ಇಟ್ಟಿಗೆ ಕಾರ್ಖಾನೆಯಲ್ಲಿ ಮೊದಲ ರೈಲಿಗೆ ರೆಗಿನಾ ಅಜ್ಜಿಯ ಹೆಸರು ಕೂಗಿದರಂತೆ. ಕುರುಡಿ, ಒಬ್ಬಳೇ ಹೇಗೆ ಹೋದಾಳು? ಅಮ್ಮ ಇವಳ ಕಡೆ ತಿರುಗಿ, "ಪಿರಿ, ನೀನು ಅಜ್ಜಿ ಕೈ ಹಿಡ್ಕೊಂಡು ಹೋಗು, ನಾವು ಮುಂದಿನ ರೈಲಲ್ಲಿ ಬರ್ತೀವಿ," ಎಂದರಂತೆ. ಇವಳು ಕಾಲು ನೋವು ಎಂದಳಂತೆ.

"ಕಾಲು ನೋವಿರ್ಲಿಲ್ಲ," ಎಂದಳು ಅಜ್ಜಿ. "ರೆಗಿನಾ ಅಜ್ಜಿ ಕೈ ಬೆವರ್ತಿತ್ತು. ನನಗೆ ಅದು ಇಷ್ಟ ಇರ್ಲಿಲ್ಲ."

ಅರಂಕಾ ಹೋದಳು. ಅವರ ಹಿಂದೆ ಸಾಲಿನಲ್ಲಿದ್ದ ಹೆಂಗಸೊಬ್ಬಳು ಬದುಕಿ ಬಂದು ಮುಂದಿನದನ್ನು ಹೇಳಿದ್ದು. ಆ ಕೈದಿ ಕೈ ಬಿಡು ಅಂದದ್ದು ನಿಜ. ಎರಡು ಸಲ ಅಂದನಂತೆ. ಅರಂಕಾ ಬಿಡಲಿಲ್ಲ. ಇಬ್ಬರೂ ಒಟ್ಟಿಗೇ ಎಡಕ್ಕೆ ಹೋದರು.

"ನಾನಾಗಿದ್ರೆ ಬಿಟ್ಟಿರ್ತಿದ್ದೆ," ಎಂದಳು. "ಅದಕ್ಕೇ ಹಾಗೆ ಹೇಳ್ದೆ."

ಹೆಸರಿನ ಬಗ್ಗೆ ಹೌದೂ ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ. ನನ್ನ ಕಡೆ ಕೈ ಚಾಚಿದಳು, ಅಂಗೈ ಮೇಲೆ ಮಾಡಿಕೊಂಡು. ನಲವತ್ತು ವರ್ಷದ ಅಭ್ಯಾಸ ಮಿಕ್ಷಾ, ನಾನು ಕೋಟಿನ ತೋಳನ್ನು ಮುಂದೆ ಮಾಡಿದೆ. ಅಜ್ಜಿ ಅದನ್ನೇ ಹಿಡಿದುಕೊಂಡಳು.