ಇಲ್ಲದ ಗೋಡೆ

೧೨ ಫೆಬ್ರುವರಿ ೧೯೭೪, ಮಂಗಳವಾರ, ಕಿತ್ತೂರು



ಹಾಳು ಅರಮನೆಯಲ್ಲಿ ಕೂಲಿಗೆ ಮುಳ್ಳುಕಂಟಿ ಕಡಿಯುತ್ತಿದ್ದೆ. ಇವತ್ತು ಮೊದಲ ಸಲ ಬುತ್ತಿ ತಂದ ಅಜ್ಜಿ ಕಾಡವ್ವ, ಮುಂಬಾಗಿಲಿದ್ದ ಜಾಗ ಬಿಟ್ಟು, ಉರಿಬಿಸಿಲಲ್ಲಿ ಸುತ್ತು ಹಾಕಿ ಹಿಂದಿನಿಂದ ಬಂದಳು.

“ನೆಟ್ಟಗ ಬಾರಬೇ ಆಯಿ, ಗ್ವಾಡಿ ಎಲ್ಲೈತಿ?” ಎಂದು ನಕ್ಕೆ.

“ನಮ್ಮ ಕೇರ್ಯಾಗಿನವರು ಹಿಂದಿಂದನ ಬರಬೇಕೋ. ಸಾಲಿ ಬಿಟ್ಟಾಂವಗ ಅದೂ ಗೊತ್ತಿಲ್ಲೇನು?”

ಆ ಗೋಡೆ ಬಿದ್ದದ್ದು ಅವಳು ಹುಟ್ಟುವುದಕ್ಕಿಂತ ಎಷ್ಟೋ ಮೊದಲು. ಸಿಟ್ಟಿನಿಂದ ಬೈದುಬಿಟ್ಟೆ. ಅವಳು ರೊಟ್ಟಿಯ ಗಂಟು ಬಿಚ್ಚುತ್ತ ಕೇಳಿದಳು:

“ಎಂಟು ದಿನಾ ಆತು, ನೀ ಯಾ ಕಡಿಂದ ಬರ್ತಿಪಾ?”

ನಾನೂ ದಿನಾ ಹಿಂದಿನಿಂದಲೇ ಬಂದಿದ್ದೇನೆ. ಹಾಗೆ ಬಾ ಎಂದು ನನಗೆ ಯಾರೂ ಹೇಳಿರಲಿಲ್ಲ.

ನಾಳೆ ಮುಂದಿನಿಂದ ಹೋಗುತ್ತೇನೆ ಎಂದು ಬರೆದು ಹೊಡೆದುಹಾಕಿದೆ. ಹೋದಮೇಲೆ ಬರೆಯುತ್ತೇನೆ.